ಹಬೀಬ್ ಸಾಬರ ಹೆಬ್ಬೆರಳಿನ ಫೋಟೋ

ಗುಬ್ಬಿಯ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ರಸ್ತೆಯಲ್ಲಿ ಎರಡು ಅಂಗಡಿಗಳು ಒಂದೇ ಗೋಡೆ ಹಂಚಿಕೊಂಡಿವೆ. ಒಂದು ನನ್ನದು, ನಾಗೇಶ್ ಜೆರಾಕ್ಸ್ ಅಂಡ್ ಲ್ಯಾಮಿನೇಷನ್. ಇನ್ನೊಂದು ಹಬೀಬ್ ಸಾಬರ ಟೈಲರ್ ಅಂಗಡಿ. ಗೋಡೆ ತೆಳು. ಅವರ ಮಿಷನ್ನಿನ ಸದ್ದು, ಅವರ ಹೆಂಡತಿ ಕುಲ್ಸುಂ ಬೀಯ ಬೈಗುಳ, ಗಿರಾಕಿಗಳ ಸುಳ್ಳು, ಎಲ್ಲವೂ ನನಗೆ ಪುಕ್ಕಟೆ ಕೇಳಿಸುತ್ತವೆ. ಆದ್ದರಿಂದ ಈ ಕಥೆಗೆ ನನಗಿಂತ ಒಳ್ಳೆಯ ಸಾಕ್ಷಿ ನಿಮಗೆ ಸಿಗುವುದಿಲ್ಲ. ಸಿಕ್ಕರೂ ನಂಬಬೇಡಿ, ಉಳಿದವರೆಲ್ಲ ಅಪರಾಧಿಗಳು.

ಹಬೀಬ್ ಸಾಬರು ಮಹಾ ದಾಕ್ಷಿಣ್ಯದ ಮನುಷ್ಯ. ಗಂಡಸರ ಬಟ್ಟೆ ಮಾತ್ರ ಹೊಲಿಯಲಾಗುವುದು ಅಂತ ಬೋರ್ಡ್ ಹಾಕಿದ್ದಾರೆ. ಎದುರಿಗೆ ಹೂ ಮಾರುವ ಹನುಮಮ್ಮ ರವಿಕೆ ಬಟ್ಟೆ ತಂದು ಮುಂದಿಟ್ಟರೆ ಹೊಲಿದು ಕೊಡುತ್ತಾರೆ. ಸಿ.ಎಸ್. ಪುರದ ಚಿಕ್ಕಬೀರಯ್ಯ ಒಮ್ಮೆ ತನ್ನ ಎಮ್ಮೆಗೆ ಚಳಿ ಅಂತ ಗೋಣಿಚೀಲ ಹೊತ್ತು ತಂದ. ಸಾಬರು ಎಮ್ಮೆಯ ಅಳತೆ ಕೇಳಿದರು.

ಇಂಥ ಮನುಷ್ಯನ ಬಲಗಾಲಿನ ಹೆಬ್ಬೆರಳ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಜಾರಿ ಬಿತ್ತು. ನನಗೋ ನಿಮಗೋ ಆಗಿದ್ದರೆ ಒಣಗಿ ಹೋಗುತ್ತಿತ್ತು. ಸಾಬರಿಗೆ ಸಕ್ಕರೆ ಕಾಯಿಲೆ. ಗಾಯ ಒಣಗಿದಂತೆ ನಟಿಸುವುದು, ಮತ್ತೆ ಬಾಯಿ ಬಿಡುವುದು, ಹೀಗೆ ಮಳೆಗಾಲ ಮುಗಿಯಿತು. ಅವರದು ಕಾಲಲ್ಲಿ ತುಳಿಯುವ ಹಳೇ ಮಿಷನ್. ಮೋಟಾರ್ ಹಾಕಿಸಿ ಅಂದರೆ ಕೇಳಲಿಲ್ಲ. "ನಾಗೇಶಾ, ಮೋಟಾರಿಗೆ ಬಟ್ಟೆ ಅಂದ್ರೇನು ಗೊತ್ತಾಗಲ್ಲ ಕಣೋ. ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತೆ" ಅನ್ನುತ್ತಿದ್ದರು. ಆ ಹೆಬ್ಬೆರಳೇ ಈಗ ಊದಿಕೊಂಡು ಕೂತಿತ್ತು. ಸಾಬರಿಗೋ ಗಾಯ ಕಂಡರೆ ತಲೆ ಸುತ್ತುತ್ತದೆ. ತಮ್ಮ ಕಾಲನ್ನು ತಾವೇ ನೋಡದೆ ಛಾವಣಿ ನೋಡಿಕೊಂಡು ಓಡಾಡುತ್ತಿದ್ದರು.

ಕೊನೆಗೆ ನಾನೇ ನನ್ನ ಓಮ್ನಿಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಗಾಯಗಳಿಗೇ ಅಂತ ಒಬ್ಬ ಡಾಕ್ಟರ್ ಇದ್ದರು, ಹೆಸರು ವನಜಾಕ್ಷಿ. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಬ್ಯಾಂಡೇಜ್ ಬಿಚ್ಚಿ, ಕಿಟಕಿ ಪರದೆ ಎಳೆದು, ಲೈಟ್ ಆರಿಸಿಬಿಟ್ಟರು.

"ಯಾಕಮ್ಮಾ ಕತ್ತಲೆ ಮಾಡ್ತೀರಾ?" ಅಂತ ಕುಲ್ಸುಂ ಬೀ ಗಂಡನ ಭುಜ ಹಿಡಿದುಕೊಂಡರು.

"ಹೆದರ್ಬೇಡಿ, ಫೋಟೋ ತೆಗೀತೀನಿ" ಅಂದ ಡಾಕ್ಟರ್ ಕೈಯಲ್ಲಿ ದಪ್ಪ ಮೊಬೈಲಿನಂಥ ಒಂದು ಯಂತ್ರ ಹಿಡಿದಿದ್ದರು. ಅದರಿಂದ ನೇರಳೆ ಬೆಳಕು ಹೊರಟು ಸಾಬರ ಪಾದದ ಮೇಲೆ ಬಿತ್ತು. ಯಂತ್ರದ ಪರದೆಯಲ್ಲಿ ನಾವು ಕಂಡದ್ದು ನೋಡಿ ಮೂವರ ಉಸಿರೂ ನಿಂತಿತು. ಪಾದವೆಲ್ಲ ಹಸಿರು. ಹೆಬ್ಬೆರಳ ಗಾಯದ ಸುತ್ತ ಮಾತ್ರ ಕೆಂಡದಂಥ ಕೆಂಪು ಹೊಳೆಯುತ್ತಿತ್ತು.

"ಯಾ ಅಲ್ಲಾ!" ಅಂದರು ಕುಲ್ಸುಂ ಬೀ. ನಾನು ಕುರ್ಚಿ ಹುಡುಕಿದೆ.

ಡಾಕ್ಟರ್ ತಣ್ಣಗೆ ವಿವರಿಸಿದರು. "ಈ ಕೆಂಪು ಇರೋ ಕಡೆ ಬ್ಯಾಕ್ಟೀರಿಯಾ ಗುಂಪು ಕಟ್ಕೊಂಡಿದೆ. ಬರಿಗಣ್ಣಿಗೆ ಕಾಣಲ್ಲ. ಈ ಬೆಳಕು ಬಿದ್ರೆ ಕೆಂಪಗೆ ಹೊಳೆಯುತ್ತೆ. ಎಲ್ಲಿ ಕೆಂಪೋ ಅಲ್ಲೇ ಕ್ಲೀನ್ ಮಾಡಿದ್ರೆ ಆಯ್ತು, ಅಂದಾಜಲ್ಲಿ ಎಲ್ಲಾ ಕಡೆ ಕೆರೆಯೋದು ತಪ್ಪುತ್ತೆ." ಹಾಗೇ ಮಾಡಿದರು. ಮಾತ್ರೆ ಬರೆದರು. ಹೊಸ ಬ್ಯಾಂಡೇಜ್ ಕಟ್ಟಿ, "ಮುಂದಿನ ಸೋಮವಾರದವರೆಗೆ ಇದನ್ನ ಯಾರೂ ಬಿಚ್ಚಬಾರದು. ಮನೆಮದ್ದು ಅಂತ ಏನೂ ಹಚ್ಚಬಾರದು. ಯಾರ ಕೈಯೂ ತಾಗಬಾರದು. ಬೆರಳು ಉಳೀಬೇಕಾ ಬೇಡ್ವಾ?" ಅಂದರು.

ಸಾಬರ ಕಿವಿಗೆ ಇದು ಬಿತ್ತೋ ಇಲ್ಲವೋ. ಗಾಯ ನೋಡಲಾರದ ಅವರು ಫೋಟೋವನ್ನು ಮಾತ್ರ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. "ಡಾಕ್ಟ್ರೇ, ಈ ಹಸಿರಿಗೆ ಈ ಕೆಂಪು ಬಾರ್ಡರ್ ಎಷ್ಟು ಚೆನ್ನಾಗಿ ಒಪ್ಪಿದೆ ನೋಡಿ! ಇದೊಂದು ನನ್ನ ಫೋನಿಗೆ ಕಳ್ಸಿ."

ಅನಾಹುತ ಶುರುವಾದದ್ದು ಇಲ್ಲಿಂದ. ಗುಬ್ಬಿ ತಲುಪುವ ಮೊದಲೇ ಫೋಟೋ ಅವರ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹತ್ತಿತು. ಮರುದಿನ ಅದರ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿಕೊಂಡು, ಅಂಗಡಿಯಲ್ಲಿ ಕಾಲರ್ ಡಿಸೈನ್ ಚಾರ್ಟಿನ ಪಕ್ಕ ತೂಗು ಹಾಕಿದರು. ಯಾರು ಬಂದರೂ ಟೇಪನ್ನು ಕೊರಳಿಗೆ ಹಾಕಿಕೊಂಡು, "ಫಾರಿನ್ ಮಿಷನ್ನು. ಒಳಗಿರೋದೆಲ್ಲ ಹೊರಗೆ ತೋರಿಸ್ತದೆ. ಇಡೀ ಗುಬ್ಬಿ ತಾಲ್ಲೂಕಲ್ಲಿ ಈ ಥರ ಫೋಟೋ ಇರೋದು ನಂದೊಂದೇ ಕಾಲಿಂದು" ಅನ್ನುತ್ತಿದ್ದರು. ಮನುಷ್ಯ ಯಾವುದಕ್ಕೆ ಬೇಕಾದರೂ ಜಂಬಪಡಬಹುದು. ಕ್ರಿಮಿಗಳಿಗೆ ಜಂಬಪಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲು ಬೆಚ್ಚಿದವಳು ಹನುಮಮ್ಮ. ಹೂವಿನ ಬುಟ್ಟಿ ಕೆಳಗಿಟ್ಟು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನಮ್ಮಪ್ಪಾ! ಸಾಬ್ರ ಕಾಲೊಳಗೆ ಕೆಂಡ ಉರೀತೈತಲ್ಲ! ಆ ಡಾಕ್ಟ್ರು ನೋಡ್ಕಂಡು ಸುಮ್ನೆ ಬುಟ್ಟವ್ಳಾ?"

"ಅದು ಕೆಂಡ ಅಲ್ಲ ಕಣಮ್ಮ, ಬ್ಯಾಕ್ಟೀರಿಯಾ" ಅಂದೆ ನಾನು.

"ನೀನು ಜೆರಾಕ್ಸ್ ಮಾಡು ಓಗು" ಅಂದಳು.

ಮಧ್ಯಾಹ್ನ ಚಿಕ್ಕಬೀರಯ್ಯ ಬಂದ. ಫೋಟೋದ ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋಗಿ ತಲೆ ಅಲ್ಲಾಡಿಸಿದ. "ನಂಜು. ಶುದ್ಧ ನಂಜು. ಹಸ್ರು ಕಾಣ್ತೈತಲ್ಲ ಸಾಬ್ರೇ, ಅದು ಕಾಲೆಲ್ಲ ಏರೈತೆ. ಬದ್ನೇಕಾಯಿ ತಿಂದ್ರಾ?"

ಸಾಬರು ಗಾಬರಿಯಿಂದ ಒಪ್ಪಿಕೊಂಡರು, ತಿಂದಿದ್ದೆ ಅಂತ.

"ಮುಗೀತು" ಅಂದ ಚಿಕ್ಕಬೀರಯ್ಯ.

ಸಂಜೆಗೆ ಕುಣಿಗಲ್ಲಿನಿಂದ ಕುಲ್ಸುಂ ಬೀಯ ಅಣ್ಣ ಝುಬೇರ್ ಭಾಯಿ ಇಳಿದರು. ಅವರದು ಹೈವೇ ಮೇಲೆ ಟೈರ್ ಅಂಗಡಿ. ಬಿಸಿಯಾಗಿ ಸಿಡಿದ ಟೈರುಗಳನ್ನೇ ಜೀವಮಾನವಿಡೀ ನೋಡಿದವರು, ಆದ್ದರಿಂದ ಲೋಕದಲ್ಲಿ ಏನೇ ಕೆಟ್ಟರೂ ಅದು ಉಷ್ಣದಿಂದಲೇ ಅನ್ನುವುದು ಅವರ ಸಿದ್ಧಾಂತ. ಸ್ಟೇಟಸ್ ನೋಡಿದವರೇ ಅಂಗಡಿ ಬಾಗಿಲು ಎಳೆದು ಬಂದಿದ್ದರು. "ನಂಜು ಅಂದೋರು ಯಾರ್ರೀ? ಕಣ್ಣಿಲ್ವಾ? ಕೆಂಪು ಅಂದ್ರೆ ಉಷ್ಣ! ಇಷ್ಟು ಉಷ್ಣ ಬಂದ್ರೆ ಲಾರಿ ಟೈರೇ ಒಡೆದುಹೋಗ್ತದೆ, ಇದು ಮನುಷ್ಯನ ಬೆರಳು!"

"ಉಷ್ಣ ಆದ್ರೆ ಹಸ್ರು ಯಾಕೆ ಬಂತು ಭಾಯಿ?" ಅಂದ ಚಿಕ್ಕಬೀರಯ್ಯ.

"ಅದು ಒಳ್ಳೇ ಜಾಗ ಕಣಯ್ಯ! ತಂಪಾಗಿರೋ ಜಾಗ!"

ನಮ್ಮ ರಸ್ತೆ ಅಲ್ಲೇ ಎರಡು ಪಾರ್ಟಿಯಾಯಿತು. ಬೇಕರಿಯವನು ಉಷ್ಣ, ಸೈಕಲ್ ಶಾಪಿನವನು ನಂಜು. ಬೆಳ್ಳಾವಿಯಿಂದ ಸಂತೆಗೆ ಬಂದವರೂ ನಿಂತು ಫೋಟೋ ನೋಡಿ ತಮ್ಮ ಅಭಿಪ್ರಾಯ ಕೊಟ್ಟು ಹೋದರು. ಡಾಕ್ಟರ್ ಹೇಳಿದ್ದನ್ನು ನಾನು ಗಂಟಲು ಹರಿಯುವಂತೆ ಹೇಳಿದೆ. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಪಕ್ಷೇತರನಿಗೂ ನನಗಿಂತ ಹೆಚ್ಚು ಬೆಂಬಲ ಸಿಕ್ಕಿರಬೇಕು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬಂದರೆ ಬ್ರೆಡ್ಡು ಮೂಸಂಬಿ ಕೊಟ್ಟು ಎದ್ದು ಹೋಗುವಂತಿಲ್ಲ. ಗಾಯ ನೋಡಬೇಕು. ಗಾಯ ನೋಡದಿದ್ದರೆ ಬಂದ ಲೆಕ್ಕಕ್ಕೇ ಇಲ್ಲ. ನೋಡಿದ ಮೇಲೆ ಏನಾದರೂ ಹಚ್ಚದೆ ಹೋದರೆ ಮನುಷ್ಯತ್ವ ಇಲ್ಲ ಅಂತ. "ತುದೀಲಿ ಒಸಿ ಸಡಿಲ ಮಾಡಿ ಸಾಬ್ರೇ, ಡಾಕ್ಟ್ರಿಗೆ ಗೊತ್ತಾಗಕಿಲ್ಲ" ಅಂತ ಚಿಕ್ಕಬೀರಯ್ಯ ಹೊಲದ ಬದುವಿನ ತುಂಬೆ ಸೊಪ್ಪು ಅರೆದು ತಂದ. ಸಾಬರು ಛಾವಣಿ ನೋಡುತ್ತಾ ಕಾಲು ಚಾಚಿ, ಎಮ್ಮೆಯ ಆರೋಗ್ಯ ವಿಚಾರಿಸಿದರು. ಅವನು ಹೋದ ಮೇಲೆ ಝುಬೇರ್ ಭಾಯಿ, ಕುಣಿಗಲ್ ಕೆರೆ ಏರಿ ಮೇಲಿನ ಗರಿಕೆ ತಂಪು ಅಂದರೆ ತಂಪು ಅಂತ ಅದರ ರಸ ಹಿಂಡಿ ಹುಯ್ದರು. ಆಮೇಲೆ ಹನುಮಮ್ಮ, ಇವರಿಬ್ಬರ ಜಗಳದಲ್ಲಿ ಕಾಲು ಹಾಳಾಗುತ್ತದೆ ಅಂತ ಕನಿಕರಪಟ್ಟು ಅರಿಶಿನ ಮೆತ್ತಿದಳು.

"ಸಾಬ್ರೇ, ಬೇಡ ಅನ್ನೋಕೆ ಬಾಯಿಲ್ವಾ ನಿಮಗೆ?" ಅಂತ ನಾನು ಕೂಗಾಡಿದೆ.

"ಅಷ್ಟು ದೂರದಿಂದ ಸೊಪ್ಪು ತಂದವ್ರೆ ನಾಗೇಶಾ. ಬೇಡ ಅಂದ್ರೆ ಮನಸ್ಸಿಗೆ ಬೇಜಾರಾಗಲ್ವಾ?"

"ನಿಮ್ಮ ಬೆರಳಿಗೆ ಬೇಜಾರಾದ್ರೆ?"

"ಅದು ನನ್ನದೇ ಅಲ್ವಾ, ಸುಧಾರಿಸ್ಕೊಳ್ತದೆ."

ನನ್ನ ಪಕ್ಷದಲ್ಲಿ ಇದ್ದವರು ಕುಲ್ಸುಂ ಬೀ ಒಬ್ಬರೇ. ಅವರು ಬಟ್ಟೆ ಅಳೆಯುವ ಮರದ ಮೀಟರ್ ಕೋಲು ಹಿಡಿದು ಬಾಗಿಲಲ್ಲಿ ಕೂತರೆ ಯಾವ ಪಾರ್ಟಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಸ್ವಂತ ಅಣ್ಣನಿಗೇ ಕೋಲು ತೋರಿಸಿದ್ದರು. ಆದರೆ ಅವರು ನಮಾಜಿಗೂ ಅಡುಗೆಗೂ ಒಳಗೆ ಹೋಗಲೇಬೇಕಲ್ಲ. ಅವರು ಒಳಗೆ ಹೋದದ್ದೇ ತಡ, ನಂಜು ಒಂದು ಕಡೆಯಿಂದ, ಉಷ್ಣ ಇನ್ನೊಂದು ಕಡೆಯಿಂದ ನುಗ್ಗುತ್ತಿದ್ದವು.

ಸೋಮವಾರ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಸಾಬರು ನನ್ನ ಕಿವಿಯಲ್ಲಿ, "ಈ ಸಲದ ಫೋಟೋ ಸ್ವಲ್ಪ ದೊಡ್ಡ ಸೈಜಲ್ಲಿ ತೆಗೆಸೋಣ" ಅಂದರು.

ಡಾಕ್ಟರ್ ವನಜಾಕ್ಷಿ ಬ್ಯಾಂಡೇಜ್ ಬಿಚ್ಚಿದರು. ಪಾದ ಏನೋ ಕಂದುಗಟ್ಟಿದ ಹಾಗಿತ್ತು. ಲೈಟ್ ಆರಿತು. ನೇರಳೆ ಬೆಳಕು ಬಿತ್ತು. ಪರದೆ ನೋಡಿದ ಡಾಕ್ಟರ್ ಒಂದು ಹೆಜ್ಜೆ ಹಿಂದೆ ಸರಿದರು.

ಹೆಬ್ಬೆರಳು ಪೂರ್ತಿ ಕೆಂಪು. ಪಕ್ಕದ ಬೆರಳು ಕೆಂಪು. ಪಾದದ ಮೇಲೆ ಕೆಂಪು ಹರಿದು ಹಿಮ್ಮಡಿಯವರೆಗೆ ಇಳಿದಿತ್ತು. ನಡುನಡುವೆ ಹಳದಿ ಮಚ್ಚೆಗಳು. ಇಂಥದ್ದನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ ಅನ್ನುವುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು.

"ಒಂದೇ ವಾರದಲ್ಲಿ ಇಷ್ಟು ಹರಡಿದೆಯಾ?" ಅಂದರು ಡಾಕ್ಟರ್. ಫೋನ್ ತೆಗೆದು ಸರ್ಜನ್‌ಗೆ ಬರಹೇಳಿದರು. ಸರ್ಜನ್ ಬಂದು ಫೋಟೋ ನೋಡಿ, ಸಾಬರ ಮುಖ ನೋಡಿ, "ಇದು ನಿಜವಾದ್ರೆ ಹೆಬ್ಬೆರಳು ಉಳಿಸೋದು ಕಷ್ಟ. ಇವತ್ತೇ ತೆಗೀಬೇಕಾಗಬಹುದು" ಅಂದುಬಿಟ್ಟರು.

ಸಿಡಿಲು ಬಡಿದ ಹಾಗಾಯಿತು. ಕುಲ್ಸುಂ ಬೀ ಗೋಡೆ ಹಿಡಿದು ನಿಂತಲ್ಲೇ ಕುಸಿದು ಕೂತರು. ಸಾಬರು ಮೊದಲ ಸಲ ಛಾವಣಿ ಬಿಟ್ಟು ತಮ್ಮ ಕಾಲನ್ನು ನೋಡಿಕೊಂಡರು. ಪೆಡಲ್ ತುಳಿಯುವ ಹಾಗೆ ಹೆಬ್ಬೆರಳನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದರು. ನನಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಹೋಗಿ ಝುಬೇರ್ ಭಾಯಿಗೆ ಫೋನ್ ಮಾಡಿದೆ, ಚಿಕ್ಕಬೀರಯ್ಯನಿಗೆ ಮಾಡಿದೆ. ಸಮಾಧಾನಕ್ಕಲ್ಲ, ಬೈಯಲಿಕ್ಕೆ.

ಬ್ಲಡ್ ಟೆಸ್ಟು, ಎಕ್ಸ್‌ರೇ ಅಂತ ಓಡಾಡುವಷ್ಟರಲ್ಲಿ ಕುಣಿಗಲ್ಲಿನಿಂದ ಟೈರ್ ಸಾಗಿಸುವ ಟೆಂಪೋದಲ್ಲಿ ಝುಬೇರ್ ಭಾಯಿ, ಗುಬ್ಬಿ ಬಸ್ಸಿನಲ್ಲಿ ಚಿಕ್ಕಬೀರಯ್ಯ, ಅರ್ಧ ಕಟ್ಟಿದ ಹೂಮಾಲೆ ಕೈಯಲ್ಲೇ ಹಿಡಿದುಕೊಂಡು ಹನುಮಮ್ಮ ಬಂದಿಳಿದರು. ಮೂವರ ಮುಖವೂ ಬೂದಿಯಾಗಿತ್ತು. ಉಷ್ಣವೂ ನಂಜೂ ಕಾರಿಡಾರಿನ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಕಣ್ಣೀರು ಹಾಕಿದವು.

ಡಾಕ್ಟರ್ ವನಜಾಕ್ಷಿ ಎಲ್ಲರನ್ನೂ ಒಳಗೆ ಕರೆದರು. "ನಿಜ ಹೇಳಿ. ಗಾಯಕ್ಕೆ ಯಾರಾದ್ರೂ ಏನಾದ್ರೂ ಹಚ್ಚಿದ್ರಾ?"

"ನಾವಾ?" ಅಂದ ಚಿಕ್ಕಬೀರಯ್ಯ, ಯಾರೋ ಕೊಲೆ ಹೊರಿಸಿದ ಹಾಗೆ. "ಎಲ್ಲಾರ ಉಂಟಾ ತಾಯೀ! ನೀವು ಬ್ಯಾಡ ಅಂದಮ್ಯಾಲೆ!"

"ಖುದಾ ಕಸಮ್, ದೂರದಿಂದ ನೋಡಿದ್ದು ಅಷ್ಟೇ" ಅಂದರು ಝುಬೇರ್ ಭಾಯಿ. ಆಣೆ ಇಟ್ಟ ತಕ್ಷಣ ತಮಗೇ ಗಾಬರಿಯಾಗಿ ತೋಬಾ ತೋಬಾ ಅಂತ ಕೆನ್ನೆ ತಟ್ಟಿಕೊಂಡರು.

"ನಾನು ಬರೀ ಊ ಮಾರೋಳು ಕಣವ್ವ" ಅಂದಳು ಹನುಮಮ್ಮ.

"ಸುಳ್ಳು ಮೇಡಂ, ಮೂರೂ ಜನ ಹಚ್ಚಿದ್ದಾರೆ!" ಅಂತ ನಾನು ಕಿರುಚಿದೆ. ಮೂವರೂ ನನ್ನನ್ನು ಹಗೆಯವನ ಹಾಗೆ ನೋಡಿದರು.

ಡಾಕ್ಟರ್ ಸಾಬರ ಕಡೆ ತಿರುಗಿದರು. "ನೀವೇ ಹೇಳಿ. ನಿಮ್ಮ ಬೆರಳಿನ ಪ್ರಶ್ನೆ ಇದು."

ಸಾಬರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಯಾರೂ ಹಚ್ಚಿಲ್ಲ ಮೇಡಂ. ತೆಗೀಬೇಕಂದ್ರೆ ತೆಗೆದ್ಬಿಡಿ. ಇವರಿಗೇನೂ ಅನ್ಬೇಡಿ."

ನನ್ನ ರಕ್ತ ಕುದಿಯಿತು. ಬೆರಳು ಹೋದರೂ ಚಿಂತೆಯಿಲ್ಲ, ಎಮ್ಮೆಯವನಿಗೆ ಬೇಜಾರಾಗಬಾರದು! ಇಂಥವರನ್ನು ಏನು ಮಾಡಬೇಕು ನೀವೇ ಹೇಳಿ.

ಡಾಕ್ಟರ್, "ಸರಿ, ಸರ್ಜರಿಗೆ ಮುಂಚೆ ಒಂದ್ಸಲ ಪೂರ್ತಿ ತೊಳೆದು ಇನ್ನೊಂದು ಫೋಟೋ ತೆಗೀತೀನಿ" ಅಂದರು. ಸಲೈನ್ ಹಾಕಿ, ಬಿಳೀ ಬಟ್ಟೆಯಿಂದ ಪಾದ ಒರೆಸಿದರು. ಮತ್ತೆ ಲೈಟ್ ಆರಿತು. ನೇರಳೆ ಬೆಳಕು ಬಿತ್ತು. ಈ ಸಲ ಪಾದಕ್ಕಿಂತ ಹೆಚ್ಚು ಕೆಂಪಗೆ ಹೊಳೆದದ್ದು ಡಾಕ್ಟರ ಕೈಯಲ್ಲಿದ್ದ ಬಟ್ಟೆ!

"ಕಾಲಿಂದು ಬಟ್ಟೆಗೆ ನೆಗೀತು!" ಅಂತ ಹನುಮಮ್ಮ ಚೀರಿ ಸರ್ಜನ್ ತೋಳು ಹಿಡಿದುಕೊಂಡಳು.

ಡಾಕ್ಟರ್ ಬಟ್ಟೆಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಇನ್ನೊಮ್ಮೆ ಮೂಸಿದರು. "ಇದು ಸೊಪ್ಪು!" ಅವರ ದನಿಯಲ್ಲಿ ಈಗ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. "ಹಸಿರು ಸೊಪ್ಪಿನ ರಸದ ಮೇಲೆ ಈ ಬೆಳಕು ಬಿದ್ರೂ ಕೆಂಪಗೇ ಹೊಳೆಯುತ್ತೆ! ಎಲ್ಲರೂ ಕೈ ಮುಂದೆ ಚಾಚಿ. ಯಾರೂ ಅಲ್ಲಾಡಬೇಡಿ."

ಕತ್ತಲಲ್ಲಿ ನೇರಳೆ ಬೆಳಕು ಮೊದಲು ಚಿಕ್ಕಬೀರಯ್ಯನ ಕೈ ಮೇಲೆ ಬಿತ್ತು. ಪರದೆಯಲ್ಲಿ ಅವನ ಉಗುರುಸಂದಿಗಳು ಕೆಂಪು ದೀಪ ಹಚ್ಚಿಕೊಂಡಿದ್ದವು. "ಇದು... ಒಲದ ಕೆಲ್ಸ ತಾಯೀ" ಅಂದ. ಝುಬೇರ್ ಭಾಯಿಯ ಅಂಗೈಯೆಲ್ಲ ಕೆಂಪು ಗೆರೆ. ಆಣೆ ಇಟ್ಟ ಕೈಯನ್ನು ಅವರು ಬೆನ್ನ ಹಿಂದೆ ಬಚ್ಚಿಡಲು ಹೋಗಿ ಔಷಧಿ ಟ್ರೇ ಬೀಳಿಸಿದರು. ಹನುಮಮ್ಮನ ಅರಿಶಿನದ ಬೆರಳುಗಳು ಹಳದಿಯಾಗಿ ಮಿಂಚಿದವು.

"ಇವರದ್ದು ನೋಡಿ!" ಅಂದರು ಸರ್ಜನ್. ನನ್ನ ಬಲಗೈ ಹೆಬ್ಬೆರಳೂ ತೋರುಬೆರಳೂ ಉಳಿದೆಲ್ಲರಿಗಿಂತ ಜೋರಾಗಿ ಹಸಿರು ಹಳದಿ ಉರಿಯುತ್ತಿದ್ದವು.

"ಅದು ಹೈಲೈಟರ್ ಪೆನ್ ಮೇಡಂ! ನಂದು ಜೆರಾಕ್ಸ್ ಅಂಗಡಿ!"

"ಅಲಲಲಾ, ಬೋ ಸಾಚಾ ಥರ ಬೈತಿದ್ದೆ!" ಅಂದ ಚಿಕ್ಕಬೀರಯ್ಯ. ಇವತ್ತಿಗೂ ನಮ್ಮ ರಸ್ತೆಯಲ್ಲಿ ನನ್ನ ಮಾತನ್ನು ಯಾರೂ ನಂಬಿಲ್ಲ.

ಡಾಕ್ಟರ್ ಪಾದವನ್ನು ಇನ್ನೂ ಎರಡು ಸಲ ತೊಳೆದರು. ಮತ್ತೆ ಫೋಟೋ ತೆಗೆದರು. ಎಲ್ಲರೂ ಪರದೆಗೆ ಬಗ್ಗಿದೆವು. ಕೆಂಪೆಲ್ಲ ಹೋಗಿತ್ತು. ಗಾಯದ ಒಂದು ಮೂಲೆಯಲ್ಲಿ ಮಾತ್ರ ಗುಲಗಂಜಿಯಷ್ಟು ಉಳಿದಿತ್ತು.

"ನಿಜವಾದ ಬ್ಯಾಕ್ಟೀರಿಯಾ ಇರೋದು ಇಷ್ಟೇ" ಅಂದರು ಡಾಕ್ಟರ್, ಉಸಿರು ಬಿಡುತ್ತಾ. "ಹೋದ ವಾರಕ್ಕಿಂತ ಕಡಿಮೆ. ಎಕ್ಸ್‌ರೇನಲ್ಲಿ ಮೂಳೆನೂ ಚೆನ್ನಾಗಿದೆ. ಬೆರಳು ತೆಗೆಯೋದು ಬೇಡ."

"ನೋಡುದ್ರಾ, ನಮ್ಮ ತುಂಬೆ ಕೆಲ್ಸ ಮಾಡೈತೆ!" ಅಂದ ಚಿಕ್ಕಬೀರಯ್ಯ.

"ಕೆಲ್ಸ ಮಾಡಿದ್ದು ನಮ್ಮ ಮಾತ್ರೆ!" ಡಾಕ್ಟರ್ ಕೂಗಿದ ಜೋರಿಗೆ ಪಕ್ಕದ ವಾರ್ಡಿನವರು ಇಣುಕಿದರು. "ಇನ್ನೊಂದು ವಾರ ನೀವು ಇದೇ ಸೊಪ್ಪು ಮೆತ್ತಿದ್ರೆ ಬೆರಳಲ್ಲ, ಪಾದನೇ ಹೋಗ್ತಿತ್ತು! ಇನ್ಮೇಲೆ ಡ್ರೆಸ್ಸಿಂಗ್ ಮಾಡೋದು ಒಬ್ಬರೇ, ಗ್ಲೌಸ್ ಹಾಕ್ಕೊಂಡು. ಅವರ ಹೆಂಡತಿ ಮಾಡ್ಲಿ. ಬನ್ನಿ ಅಮ್ಮಾ, ನಿಮಗೆ ತೋರಿಸಿ ಕೊಡ್ತೀನಿ. ಕೈ ಕೊಡಿ."

ಕುಲ್ಸುಂ ಬೀ ಬರಲಿಲ್ಲ. ಎರಡೂ ಕೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದರು. ಆಗಲೇ ನನಗೆ ಹೊಳೆದದ್ದು, ಅವರ ಕೈಯನ್ನು ಯಾರೂ ನೋಡಿರಲಿಲ್ಲ.

ಡಾಕ್ಟರ್ ಮೆಲ್ಲಗೆ ದುಪಟ್ಟಾ ಸರಿಸಿದರು. ಬೆಳಕು ಬಿತ್ತು. ಎರಡೂ ಅಂಗೈ, ಹತ್ತೂ ಬೆರಳು, ಮಣಿಕಟ್ಟಿನವರೆಗೆ ಕೆಂಪು. ಎಲ್ಲರಿಗಿಂತ ಹೆಚ್ಚು.

ಝುಬೇರ್ ಭಾಯಿ ಬಾಯಿ ತೆರೆದವರು ಮುಚ್ಚಲಿಲ್ಲ.

"ಬೇವಿನ ಸೊಪ್ಪು" ಅಂದರು ಕುಲ್ಸುಂ ಬೀ. "ಬೆಳಗ್ಗೆ ನಮಾಜ್ ಮುಗಿಸಿ, ಇವರು ಇನ್ನೂ ಮಲಗಿರೋವಾಗ. ದಿನಾ. ದುವಾ ಓದಿ ಹಚ್ಚುತ್ತಿದ್ದೆ." ಅಣ್ಣನ ಕಡೆ ನೋಡಿದರು. "ಅವರೆಲ್ಲ ಹಚ್ಚೋದು ನೋಡಿ ನಂಗೆ ಸಿಟ್ಟು ಬರ್ತಿತ್ತು. ಆದ್ರೆ ಆ ಕೆಂಪು ಫೋಟೋ ನೋಡಿದ ದಿನದಿಂದ ನಂಗೆ ನಿದ್ದೆ ಬಂದಿಲ್ಲ. ಸುಮ್ನೆ ಕೂತ್ಕೊಳ್ಳೋಕೆ ಆಗ್ಲಿಲ್ಲ ಡಾಕ್ಟ್ರಮ್ಮ. ನಾನೇ ಇವರ ಬೆರಳು ಕಳೀತಿದ್ದೆ."

ಅವರಿಗೆ ಅಳು ನುಗ್ಗಿ ಬಂತು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರು, ಪರದೆಯಲ್ಲಿ ಕೆಂಪಗೆ ಹೊಳೆಯುವ ಆ ಕೈಯನ್ನು ತಾವೇ ನೋಡಿ ಹೆದರಿ ಮತ್ತೆ ಕೆಳಗಿಳಿಸಿದರು. ಏನು ಮಾಡಬೇಕೋ ತಿಳಿಯದೆ ಕೈ ಚಾಚಿಕೊಂಡು ನಿಂತರು.

ಮಂಚದ ಮೇಲಿಂದ ಹಬೀಬ್ ಸಾಬರು ತಮ್ಮ ಎರಡೂ ಕೈಯನ್ನು ಬೆಳಕಿಗೆ ಹಿಡಿದರು. "ಡಾಕ್ಟ್ರೇ, ನಂದು ಒಂದ್ಸಲ ನೋಡಿ."

ಡಾಕ್ಟರ್ ನೋಡಿದರು. ನಾವೂ ನೋಡಿದೆವು. ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಕೆಂಪಿಲ್ಲ, ಹಳದಿಯಿಲ್ಲ. ಗುಬ್ಬಿಯಿಂದ ಬಂದ ನಮ್ಮ ಗುಂಪಿನಲ್ಲಿ, ನನ್ನನ್ನು ಬಿಟ್ಟರೆ, ಆ ಗಾಯವನ್ನು ಮುಟ್ಟದೆ ಇದ್ದವರು ಅವರೊಬ್ಬರೇ. ನನ್ನ ವಿಷಯ ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಬಿಡಿ.

"ಹಾಗಾದ್ರೆ ಇದರಲ್ಲಿ ಒರೆಸಬಹುದು ಅಲ್ವಾ?" ಅಂದರು.

ಡಾಕ್ಟರ್ ತಲೆಯಾಡಿಸಿದರು. ಸಾಬರು ಹೆಂಡತಿಯನ್ನು ಹತ್ತಿರ ಕರೆದು, ನಮ್ಮೆಲ್ಲರ ಎದುರಿಗೇ, ಎರಡೂ ಕೆನ್ನೆ ಒರೆಸಿದರು. ಝುಬೇರ್ ಭಾಯಿ ಗೋಡೆ ಕಡೆ ತಿರುಗಿ ನಿಂತರು. ಲೈಟ್ ಹಾಕಬೇಕು ಅಂತ ಡಾಕ್ಟರಿಗೂ ಸ್ವಲ್ಪ ಹೊತ್ತು ನೆನಪಾಗಲಿಲ್ಲ.